ಮಳಿ ಬಂದ್ರ ಟೀವಿ ಬಂದ್: ಊರಿನ ಮನಿಗೆ ಡಿಟಿಎಚ್ ಇರಲೋ, ಫ್ರೀ ಡಿಶ್ ಹಾಕ್ಸಲೋ, ಕೇಬಲ್ ಎಳಸಲೋ?

ಹಾನಗಲ್ ಹುಡುಗ
ನಮಸ್ಕಾರ್ರಿ ಎಲ್ಲಾರಿಗೂ. ನಾ ಹುಬ್ಬಳ್ಳಿ ಗೋಕುಲ ರೋಡಿನ್ಯಾಗ ಕೆಲಸಕ್ಕ ಇರೂದು, ಅಪ್ಪ-ಅವ್ವ ಹಾನಗಲ್ ತಾಲೂಕಿನ ಊರಾಗ ಅದಾರ. ಮಾಳಿಗಿ ಮ್ಯಾಲೆ ಆರು ವರ್ಷದ ಹಿಂದ ಹಾಕ್ಸಿದ ಡಿಟಿಎಚ್ ಛತ್ರಿ ಐತಿ. ಮೊದಲ ಧೋ ಅಂತ ಮಳಿ ಸುರಿದಾಗ ಮಾತ್ರ ಹತ್ತು ನಿಮಿಷ ಹೋಗತಿತ್ತು. ಹ್ವಾದ ವರ್ಷದಿಂದ ಜಿಟಿಜಿಟಿ ಮಳಿಗೂ 'ಸಿಗ್ನಲ್ ಇಲ್ಲ' ಅಂತ ತೋರಸ್ತೈತಿ. ಅವ್ವನ ಧಾರಾವಾಹಿ ಸಂಜಿ ಏಳಕ್ಕ ಶುರು, ನಮ್ಮ ಕಡೆ ಮಳಿನೂ ಅದ ಹೊತ್ತಿಗೆ ಶುರು. ಫೋನ್ ಹಚ್ಚಿದ್ರ ಮೊದಲ ಟೀವಿ ಸುದ್ದಿ, ಆಮ್ಯಾಲೆ ನಾ ಉಂಡನೋ ಇಲ್ಲೋ ಅಂತ ಕೇಳತಾಳ.

ಊರಾಗಿನ ಮೆಕ್ಯಾನಿಕ್ ಬಂದು, "ಡಿಶ್ ಹಳೇದಾತು, ಉಪಗ್ರಹಾನೂ ಹಳೇದಾತು, ಕಂಪನಿನ ಬದಲಿ ಮಾಡ್ರಿ" ಅಂತ ಎರಡು ಸಾವಿರದ ಲೆಕ್ಕ ಹೇಳಿ ಹೋಗ್ಯಾನ. ಅಪ್ಪಗ ಚಂದನ ಮತ್ತ ರಾತ್ರಿ ಒಂದಿಷ್ಟು ವಾರ್ತೆ ಬಂದ್ರ ಸಾಕು. ಅವ್ವಗ ಎರಡು ಧಾರಾವಾಹಿ ಚಾನೆಲ್ ಬೇಕೇ ಬೇಕು. ಹ್ವಾದ ವರ್ಷ ಅಕ್ಕ ಬಾಣಂತನಕ್ಕ ಬಂದಾಗ ದೊಡ್ಡ ಪ್ಯಾಕ್ ಹಾಕ್ಸಿದ್ವಿ, ಅದು ಹಂಗ ಮುಂದುವರದು ತಿಂಗಳಾ ನಾನೂರರ ಹತ್ರ ಹೊಂಟೈತಿ. ಏನ್ ಮಾಡೂದು? ತಿಳದವ್ರು ಹೇಳ್ರಿ.

ಬ್ಯಾಡಗಿ ಖಾರ
ಮೋಡ ಅಡ್ಡ ಬಂದ್ರ ಉಪಗ್ರಹ ಕಾಣಂಗಿಲ್ಲ ತಮ್ಮಾ. ಅದಕ್ಕ ಯಾವ ಕಂಪನಿಯವರೂ ಏನೂ ಮಾಡಾಕ ಬರಂಗಿಲ್ಲ. ನಮ್ಮನ್ಯಾಗೂ ಇದ ಹಾಡು.

ನವನಗರ ನೆಟ್ಟಿಗ
ಈ ಕಾಲದಾಗ ಡಿಶ್ ಯಾಕ್ರಿ? ಫೈಬರ್ ಹಾಕ್ಸಿ ಸ್ಮಾರ್ಟ್ ಟೀವಿ ಕೊಡಸ್ರಿ, ಮುಗೀತು.

ಹಾನಗಲ್ ಹುಡುಗ
ಊರಿಗೆ ಫೈಬರ್ ಬಂದಿಲ್ರಿ. ಮೊಬೈಲ್ ನೆಟ್ ಬೇಕಂದ್ರ ಹಿತ್ತಲಾಗಿನ ಅರಿಬಿ ಒಗಿಯೋ ಕಲ್ಲಿನ ಮ್ಯಾಲೆ ನಿಂದರಬೇಕು.

ಡಿಶ್ ಕಾಕಾ, ಹಳೇ ಹುಬ್ಬಳ್ಳಿ
ತಮ್ಮಾ, ರೊಕ್ಕ ಬಿಚ್ಚಬ್ಯಾಡ ಇನ್ನೂ. ಮೂವತ್ತು ವರ್ಷ ಮಂದಿ ಮಾಳಿಗಿ ಹತ್ತಿ ಇಳದಾಂವ ನಾ. ಉಪಗ್ರಹ ಕೆಟ್ರ ನಿಮ್ಮ ಒಬ್ಬರ ಮನಿದು ಹೋಗಂಗಿಲ್ಲ, ಊರಿಗೆ ಊರ ಹೋಗತೈತಿ. ಹಂಗ ಆಗಿದ್ದೂ ನೋಡೀನಿ. 2010ರ ಜುಲೈನ್ಯಾಗ ಇನ್ಸಾಟ್-4ಬಿ ಉಪಗ್ರಹಕ್ಕ ಸೌರಫಲಕದ ಕರೆಂಟ್ ಕಮ್ಮಿ ಬಿದ್ದು ಅರ್ಧ ಟ್ರಾನ್ಸ್‌ಪಾಂಡರ್ (ಸಿಗ್ನಲ್ ಹಿಡದು ತಿರುಗಿ ಕೆಳಗ ಕಳಸೋ ಯಂತ್ರ) ಬಂದ್ ಮಾಡಬೇಕಾತು. ಆವಾಗ ವಾರಗಟ್ಟಲೆ ನನ್ನ ಫೋನ್ ಕೆಳಗಿಡಾಕ ಆಗಲಿಲ್ಲ. ನಿಮ್ಮದು ಅಂಥಾದ್ದಲ್ಲ, ಮನ್ಯಾಗಿನ ರೋಗ.

ರಿಮೋಟಿನ್ಯಾಗ ಮೆನು ಒತ್ತಿ ಸಿಗ್ನಲ್ ಪುಟ ತಗಿ. ಅಲ್ಲೆ ಎರಡು ಪಟ್ಟಿ ಇರ್ತಾವ: ಸ್ಟ್ರೆಂತ್, ಕ್ವಾಲಿಟಿ. ಮಂದಿ ಸ್ಟ್ರೆಂತ್ ನೋಡಿ ಸಮಾಧಾನ ಪಡ್ತಾರ. ಅದು ಸಂತ್ಯಾಗಿನ ಗದ್ದಲ ಎಷ್ಟೈತಿ ಅಂತ ಹೇಳೂದು. ಆ ಗದ್ದಲದಾಗ ನಿನ್ನ ಹೆಸರ್ಹಿಡದು ಕೂಗಿದ್ದು ಎಷ್ಟು ಸಾಫ್ ಕೇಳತೈತಿ ಅನ್ನೂದು ಕ್ವಾಲಿಟಿ. ಸ್ಟ್ರೆಂತ್ ಭರ್ತಿ, ಕ್ವಾಲಿಟಿ ಸೊನ್ನಿ ಇದ್ರ ಡಿಶ್ ಬ್ಯಾರೆಯವರ ಉಪಗ್ರಹ ನೋಡಾಕತ್ತೈತಿ ಅಂತ ತಿಳಿ.

ಬಿಸಲಿದ್ದಾಗ ಕ್ವಾಲಿಟಿ ಎಷ್ಟೈತಿ, ಮುಂದ ಗಿಡ ಬೆಳದೈತೇನು, ಸ್ಟ್ಯಾಂಡ್ ಅಳ್ಳಾಡ್ತೈತೇನು, ಕಂಬಕ್ಕ ಏನರ ಕಟ್ಟೀರೇನು? ಇಷ್ಟು ನೋಡಿ ಹೇಳು.

ಹಾನಗಲ್ ಹುಡುಗ
ಅಪ್ಪಗ ಫೋನ್ ಹಚ್ಚಿ ನೋಡ್ಸಿದೆ ಕಾಕಾ. ಖಡಕ್ ಬಿಸಲಾಗ ಸ್ಟ್ರೆಂತ್ 80, ಕ್ವಾಲಿಟಿ 38. ತೆಂಗಿನ ಗಿಡ ಐತಿ, ಆದ್ರ ಹಿಂದ್ಗಡೆ. ಕಂಬಕ್ಕ ಏನೂ ಕಟ್ಟಿಲ್ಲ ಅಂತಾರ.

ಡಿಶ್ ಕಾಕಾ, ಹಳೇ ಹುಬ್ಬಳ್ಳಿ
ಬಿಸಲಾಗ 38 ಅಂದ್ರ ಅದು ದಂಡಿಗೆ ನಿಂತೈತಿ. ಹಳೇ ಅನಲಾಗ್ ಕಾಲದಾಗ ಸಿಗ್ನಲ್ ಕಮ್ಮಿಯಾದ್ರ ಪರದಿ ಮ್ಯಾಲೆ ಅಕ್ಕಿ ಚೆಲ್ಲಿದಂಗ ಚುಕ್ಕಿ ಬರ್ತಿದ್ವು, ಆದ್ರೂ ಮಂದಿ ಕ್ರಿಕೆಟ್ ನೋಡ್ತಿದ್ರು. ಡಿಜಿಟಲ್‌ನ್ಯಾಗ ಹಂಗಿಲ್ಲ. ಒಂದು ಮಟ್ಟದ ತನಕ ಕನ್ನಡಿಯಂಗ ಸ್ವಚ್ಛ, ಅದರ ಕೆಳಗ ಇಳೀತು ಅಂದ್ರ ಚಿತ್ರ ತುಂಡ್ ತುಂಡಾಗಿ ನಿಂತು ಹೋಗತೈತಿ. ಅದಕ್ಕ ನಿಮ್ಮ ಮನಿಯವರಿಗೆ ಬಿಸಲಾಗ ಏನೂ ಗೊತ್ತಾಗಿಲ್ಲ. 70 ಇದ್ದದ್ದು 38ಕ್ಕ ಇಳದ್ರೂ ಚಿತ್ರ ಅಷ್ಟ ಚಂದ ಕಾಣ್ತೈತಿ. ನಾಕು ಹನಿ ಬಿದ್ರ ದಂಡಿ ದಾಟತೈತಿ.

ಸಪ್ತಾಪುರ ಮಾಸ್ತರ, ಧಾರವಾಡ
ಬ್ಯಾಡಗಿಯವರ ಮಾತಿಗೆ ಒಂದು ತಿದ್ದುಪಡಿ. ಮೋಡದಿಂದ ಆಗುವ ಅಡ್ಡಿ ಅಷ್ಟಕ್ಕಷ್ಟೇ, ನಿಜವಾದ ಅಡ್ಡಿ ಹನಿಯದು. ಮನೆ ಡಿಶ್‌ಗೆ ಬರುವುದು ಕೆಯು ಬ್ಯಾಂಡ್, ಸುಮಾರು 11-12 ಗಿಗಾಹರ್ಟ್ಸ್. ಆ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಮಳೆಹನಿ ಕೆಲವು ಮಿಲಿಮೀಟರ್ ಇರುತ್ತದೆ. ಇಂಥ ಹನಿ ಕೋಟಿಗಟ್ಟಲೆ ದಾರಿಯಲ್ಲಿದ್ದರೆ ಅಲೆಯನ್ನು ಒಂದಿಷ್ಟು ಹೀರುತ್ತವೆ, ಒಂದಿಷ್ಟು ಚದುರಿಸುತ್ತವೆ. ಕೇಬಲ್‌ನವರ ದೊಡ್ಡ ಡಿಶ್‌ಗಳು ಹಿಡಿಯುವುದು ಸಿ ಬ್ಯಾಂಡ್, ಸುಮಾರು 4 ಗಿಗಾಹರ್ಟ್ಸ್. ಅಲೆ ಏಳೂವರೆ ಸೆಂಟಿಮೀಟರ್. ಧಾರವಾಡದ ಆಷಾಢದ ಮಳೆಯನ್ನೂ ಅದು ಲೆಕ್ಕಕ್ಕೆ ಇಡುವುದಿಲ್ಲ.

ಇನ್ನು ದಿಕ್ಕಿನ ವಿಷಯ. ಈ ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ನೆತ್ತಿಯಲ್ಲಿ 35,786 ಕಿಲೋಮೀಟರ್ ಎತ್ತರದಲ್ಲಿವೆ. ಆ ಎತ್ತರದಲ್ಲಿ ಒಂದು ಸುತ್ತಿಗೆ ಭೂಮಿಯ ಒಂದು ಸುತ್ತಿನಷ್ಟೇ ಹೊತ್ತು ಹಿಡಿಯುತ್ತದೆ. ಗಾಣದ ಎತ್ತಿನ ಮಗ್ಗುಲಿಗೆ ಹೆಜ್ಜೆ ಹಾಕುವ ಮನುಷ್ಯ ಎತ್ತಿನ ಕಣ್ಣಿಗೆ ನಿಂತೇ ಇದ್ದಂತೆ ಕಾಣುವುದಿಲ್ಲವೇ, ಹಾಗೆ. ಮೂರು ಉಪಗ್ರಹ ಇದ್ದರೆ ಭೂಮಿಯ ಬಹುಪಾಲು ಜಾಗಕ್ಕೆ ಪ್ರಸಾರ ಮುಟ್ಟಿಸಬಹುದು ಎಂದು ಆರ್ಥರ್ ಸಿ. ಕ್ಲಾರ್ಕ್ 1945ರಲ್ಲೇ ಬರೆದಿದ್ದರು. ನಮ್ಮ ಇನ್ಸಾಟ್, ಜಿಸ್ಯಾಟ್‌ಗಳನ್ನು ಜಾಗ ಬಿಟ್ಟು ಸರಿಯದಂತೆ ಕಾಯುವುದು ಹಾಸನದಲ್ಲಿರುವ ಇಸ್ರೋ ಕೇಂದ್ರ. ಆಗಾಗ ಒಂದಿಷ್ಟು ಇಂಧನ ಉರಿಸಿ ಸರಿಪಡಿಸುತ್ತಾರೆ. ಇಂಧನ ತೀರಿದರೆ ಉಪಗ್ರಹದ ಆಯುಷ್ಯವೂ ತೀರಿದಂತೆಯೇ.

ಹುಬ್ಬಳ್ಳಿಯಿಂದ ಲೆಕ್ಕ ಹಾಕಿದೆ, ಹಾನಗಲ್‌ಗೂ ಹೆಚ್ಚು ವ್ಯತ್ಯಾಸವಿಲ್ಲ. ದೂರದರ್ಶನದ ಪುಕ್ಕಟೆ ಸೇವೆ ಫ್ರೀ ಡಿಶ್ ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ: ನಮಗದು ಆಗ್ನೇಯ ದಿಕ್ಕು, ನೆಲದಿಂದ 62 ಡಿಗ್ರಿ ಮೇಲೆ. ಟಾಟಾ ಪ್ಲೇ 83ರಲ್ಲಿದೆ, ಇನ್ನೂ ದಕ್ಷಿಣಕ್ಕೆ ಸರಿದು 70 ಡಿಗ್ರಿ ಎತ್ತರ. ಏರ್‌ಟೆಲ್ 108.2ರಲ್ಲಿ, ಪೂರ್ವಕ್ಕೆ ವಾಲಿ 48 ಡಿಗ್ರಿ. ಕಂಪನಿ ಬದಲಿಸಿದರೆ ಡಿಶ್ ಮುಖ ತಿರುಗಿಸಲೇಬೇಕಾಗುವುದು ಇದಕ್ಕೇ.

ಬ್ಯಾಡಗಿ ಖಾರ
62 ಡಿಗ್ರಿ ಅಂದ್ರ ಹತ್ತ ಹತ್ರ ನೆತ್ತಿ ಮ್ಯಾಲೆ ಆತಲ್ರಿ ಮಾಸ್ತರ. ನಮ್ಮ ಡಿಶ್ ನೋಡಿದ್ರ ಮುಂದಿನ ಮನಿ ಗ್ವಾಡಿ ನೋಡ್ಕೋತ ನಿಂತೈತಿ!

ಡಿಶ್ ಕಾಕಾ, ಹಳೇ ಹುಬ್ಬಳ್ಳಿ
ಅದಕ್ಕ ಆಫ್‌ಸೆಟ್ ಡಿಶ್ ಅಂತಾರ. ದೊಡ್ಡ ಬಟ್ಟಲದಾಗಿಂದ ಒಂದು ಬದಿ ಕೊರದು ತಗದಂಗ ಅದರ ಆಕಾರ. ಡಿಶ್ಶಿನ ಮುಖ ಎಲ್ಲಿ ಐತೋ ಅದಕ್ಕಿಂತ ಇಪ್ಪತ್ತು-ಇಪ್ಪತ್ತೈದು ಡಿಗ್ರಿ ಮ್ಯಾಲೆ ಅದರ ನೋಟ. ಬಂದದ್ದು ಬಡದು ಕೆಳಗ ಕಡ್ಡಿ ತುದಿಯಾಗಿನ ಎಲ್‌ಎನ್‌ಬಿಗೆ ಹೋಗಿ ಕೂಡತೈತಿ. ಆ ಡಬ್ಬಿ ಚಿಲ್ಲರೆ ಅಲ್ಲ. ಮ್ಯಾಲಿಂದ ಬಂದದ್ದು ವೈರಿನ್ಯಾಗ ಹರೀಲಾರದಷ್ಟು ಜೋರಿನ ಕಂಪನ. ಅದನ್ನ ಸಾವಿರ-ಎರಡು ಸಾವಿರ ಮೆಗಾಹರ್ಟ್ಸ್‌ಗೆ ಇಳಿಸಿ, ಬಲ ತುಂಬಿ, ಕೆಳಗ ಕಳಸತೈತಿ. ಅದಕ್ಕ ಕರೆಂಟ್ ಹೋಗೂದೂ ಅದ ವೈರಿನ್ಯಾಗ, ಬಾಕ್ಸಿನಿಂದ. 13 ವೋಲ್ಟ್ ಹೋದ್ರ ನಿಂತ ಅಲೆ (ಮ್ಯಾಲೆ-ಕೆಳಗ ಅಲುಗೂದು) ಹಿಡಿ, 18 ಹೋದ್ರ ಮಲಗಿದ ಅಲೆ (ಅಡ್ಡಡ್ಡ ಅಲುಗೂದು) ಹಿಡಿ ಅಂತ ಹುಕುಂ. ಅರ್ಧ ಚಾನೆಲ್ ಬಂದು ಅರ್ಧ ಬರಲಿಲ್ಲ ಅಂದ್ರ ಒಮ್ಮೊಮ್ಮೆ ರೋಗ ಅಲ್ಲೇ ಇರ್ತೈತಿ.

ಸಪ್ತಾಪುರ ಮಾಸ್ತರ, ಧಾರವಾಡ
ನೋಟ ಓರೆಯಾಗಿರುವುದರಿಂದ ಇನ್ನೊಂದು ಮಜಾ. ನಿಮ್ಮ ಅಂಗಳದಲ್ಲಿ ಬಿಸಿಲಿದ್ದು ಎರಡು ಕಿಲೋಮೀಟರ್ ಆಗ್ನೇಯಕ್ಕೆ ಮಳೆ ಸುರಿಯುತ್ತಿದ್ದರೂ ಟೀವಿ ಹೋಗಬಹುದು. ಅಡ್ಡಮಳೆ ಆ ಕಡೆಯಿಂದ ಬಂದರೆ ಟೀವಿಗೆ ಮೊದಲು ಗೊತ್ತು.

ಹಾನಗಲ್ ಹುಡುಗ
ಖರೇ ಮಾಸ್ತರ! ಟೀವಿ ನಿಂತ ಕೂಡಲೆ ಅವ್ವ ಮಾಳಿಗಿಗೆ ಓಡಿ ಅರಿಬಿ ತಗೊಂಡ್ ಬರ್ತಾಳ. ನಾವು ನಗತಿದ್ವಿ.

ಗದಗಿನಕಿ
ನಾವು ಬೆಟಗೇರಿಯವ್ರು. ನಾಕು ವರ್ಷ ಆತು ಫ್ರೀ ಡಿಶ್ ಹಾಕ್ಸಿ. ಒಮ್ಮೆ ಡಿಶ್, ಬಾಕ್ಸಿಗೆ ರೊಕ್ಕ ಕೊಟ್ಟದ್ದು ಬಿಟ್ರ ತಿಂಗಳಾ ಒಂದು ಪೈ ಕೊಟ್ಟಿಲ್ಲ. 2004ರಾಗ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾದದ್ದ ಇದು. ಪ್ರಸಾರ ಭಾರತಿಯವರು ಜಾಗಾ ಹರಾಜು ಹಾಕ್ತಾರ, ಖಾಸಗಿ ಚಾನೆಲ್‌ನವರು ಕೊಂಡು ಕುಂದರತಾರ. ಹರಾಜಿನ್ಯಾಗ ಜಾಗಾ ಸಿಗಲಿಲ್ಲ ಅಂದ್ರ ಇವತ್ತಿದ್ದ ಚಾನೆಲ್ ನಾಳೆ ಮಾಯ. ನಮ್ಮತ್ತಿಯವರು ನೋಡೋ ಭಜನಿ ಚಾನೆಲ್ ಹಂಗ ಹೋಗಿ ಎಂಟು ದಿನ ಮನ್ಯಾಗ ಸೂತಕ ಇದ್ದಂಗಿತ್ತು.

ಆದ್ರ ತಮ್ಮಾ, ನಿಮ್ಮ ಅವ್ವಗ ಇದು ಆಗಿಬರಂಗಿಲ್ಲ. ರೊಕ್ಕದ ಚಾನೆಲ್ ಇದರಾಗ ಬರಂಗಿಲ್ಲ, ಹಿಂದಿ ಹಿಂಡುಗಟ್ಟಲೆ, ಕನ್ನಡ ಬೆರಳಿನ್ಯಾಗ ಎಣಿಸೂ ಅಷ್ಟು. ಅಪ್ಪಗ ಚಂದನ ಸಿಗತೈತಿ, ಅವ್ವ ನಿಮಗ ಊಟ ಹಾಕಂಗಿಲ್ಲ.

ರಾಣೆಬೆನ್ನೂರ ಕೇಬಲ್ಲಾಂವ
ಕೇಬಲ್ ಬಗ್ಗೆ ಯಾರೂ ಮಾತಾಡವಲ್ರಿ, ನಾನ ಹೇಳ್ತೇನಿ. ಕೇಬಲ್ಲೂ ಆಕಾಶದಿಂದನ ಬರೂದು. ದೊಡ್ಡ ಡಿಶ್ ಮನಿ ಮ್ಯಾಲಿಲ್ಲ, ಕಂಟ್ರೋಲ್ ರೂಮಿನ ಮ್ಯಾಲೆ ಐತಿ ಅಷ್ಟ. ಅಲ್ಲೆ ಹಿಡದು, ಒಂದುಗೂಡಿಸಿ, ಫೈಬರಿನ್ಯಾಗ ಊರಿಗೆ, ಊರಿನಿಂದ ವೈರಿನ್ಯಾಗ ಮನಿಗೆ. ಮಳಿಗೆ ಹೆದರಂಗಿಲ್ಲ. ಹೆದರೂದು ಜೆಸಿಬಿಗೆ ಮತ್ತ ಮಂಗ್ಯಾಗಳಿಗೆ. ದಾರ್ಯಾಗಿನ ಡಬ್ಬಿಗೆ ಕರೆಂಟ್ ಇಲ್ಲಂದ್ರ ನಿಮ್ಮನ್ಯಾಗ ಇನ್ವರ್ಟರ್ ಇದ್ರೂ ಟೀವಿ ಇಲ್ಲ, ಸುಳ್ಳ್ಯಾಕ ಹೇಳಲಿ. ಹಾನಗಲ್ ಕಡೆ ತ್ವಾಟದ ಮನಿ ಇದ್ರ ಯಾವ ಕೇಬಲ್‌ನವನೂ ಒಂದು ಮನಿ ಸಲುವಾಗಿ ಎರಡು ಕಿಲೋಮೀಟರ್ ವೈರ್ ಎಳಿಯಂಗಿಲ್ಲ. ನಾನೂ ಎಳಿಯಂಗಿಲ್ಲ.

ಡಿಶ್ ಕಾಕಾ, ಹಳೇ ಹುಬ್ಬಳ್ಳಿ
ಕೇಬಲ್ಲಾಂವ ಖರೇ ಹೇಳ್ಯಾನ. ನಾನೂ ಅಲ್ಲಿಂದನ ಬಂದಾಂವ. 1991ರಾಗ ಡಿಶ್ಶಿನ್ಯಾಗ ಕೊಲ್ಲಿ ಯುದ್ಧದ ಸುದ್ದಿ ಬಂತು, ಮುಂದ ಸ್ಟಾರ್, 1992ರಾಗ ಝೀ, 1994ರಾಗ ಉದಯ ಚಾನೆಲ್. ಆವಾಗ ಹನ್ನೆರಡು ಫೂಟಿನ ಜಾಳಗಿ ಡಿಶ್ ನಾಕು ಮಂದಿ ಹಗ್ಗಾ ಕಟ್ಟಿ ಮ್ಯಾಲೆ ಏರಸ್ತಿದ್ವಿ. ಓಣಿ ಅಜ್ಜಿ ಒಬ್ಬಾಕಿ 'ಮಳಿ ನೀರು ಹಿಡ್ಯಾಕೇನೋ?' ಅಂತ ಕೇಳಿದ್ಲು. ಎಲ್ಲಾ ತೂತು ಐತಲ್ಲ ಅಂತ ಆಕಿಗೆ ಭಾಳ ಚಿಂತಿ.

2003ರಾಗ ಖಾಸಗಿ ಡಿಟಿಎಚ್ ಬಂದ ಮ್ಯಾಲೆ ಎರಡು ಫೂಟಿನ ಡಿಶ್ ಆತು, ಒಬ್ಬನ ಹೆಗಲ ಮ್ಯಾಲೆ ಒಯ್ಯಾಕ ಬಂತು.

ಕೇಶ್ವಾಪುರ ಲೆಕ್ಕ
ಇಲ್ಲೊಂದು ಸಂಶಯ. ಡಿಟಿಎಚ್ ರೀಚಾರ್ಜ್ ಮಾಡಿ ಅರ್ಧ ತಾಸಾದ್ರೂ ಚಾನೆಲ್ ಬರಂಗಿಲ್ಲ. ರೊಕ್ಕ ಮಾತ್ರ ಕ್ಷಣದಾಗ ಕಟ್ ಆಗತೈತಿ. ಇದೇನ್ ಹಕೀಕತ್ತು?

ಡಿಶ್ ಕಾಕಾ, ಹಳೇ ಹುಬ್ಬಳ್ಳಿ
ರೀಚಾರ್ಜ್ ಮಾಡಿ ಬಾಕ್ಸ್ ಬಂದ್ ಮಾಡಿ ಮಲಗಿರ್ತೀರಿ, ಹೌದಲ್ಲೋ? ಆಕಾಶದಿಂದ ಬರೂದು ಕಾಶ್ಮೀರದ ಮಾಳಿಗಿಗೂ ಕೇಶ್ವಾಪುರದ ಮಾಳಿಗಿಗೂ ಒಂದ ಸರಕು, ಎಲ್ಲಾ ಚಾನೆಲ್ ಕೂಡೇ. ರೊಕ್ಕ ಕೊಟ್ಟವಂಗ ಬ್ಯಾರೆ, ಕೊಡದವಂಗ ಬ್ಯಾರೆ ಅಂತ ಮ್ಯಾಲಿಂದ ಕಳಸಾಕ ಬರಂಗಿಲ್ಲ. ಅದಕ್ಕ ಕೀಲಿ ಹಾಕಿ ಕಳಸ್ತಾರ, ಕೀಲಿಕೈ ನಿಮ್ಮ ಬಾಕ್ಸಿನ್ಯಾಗ. ನೀವು ರೊಕ್ಕ ಕಟ್ಟಿದ ಮ್ಯಾಲೆ 'ಇಂಥಾ ನಂಬರಿನ ಕಾರ್ಡಿಗೆ ಇಂಥಾ ಚಾನೆಲ್ ತಗಿ' ಅಂತ ಉಪಗ್ರಹದಿಂದ ಡಂಗುರ ಸಾರ್ತಾರ. ಡಂಗುರ ಸಾರೂ ಹೊತ್ತಿಗೆ ನೀವು ಮನ್ಯಾಗ ಇಲ್ಲಂದ್ರ? ಡಿಶ್ಶಿನಿಂದ ಮ್ಯಾಲೆ ಏನೂ ಹೋಗಂಗಿಲ್ಲ, ಕೇಳಿಸ್ತೋ ಇಲ್ಲೋ ಅಂತ ಅವರಿಗೂ ಗೊತ್ತಾಗಂಗಿಲ್ಲ. ಅದಕ್ಕ ಒಂದಿಷ್ಟು ಹೊತ್ತು ಮತ್ತ ಮತ್ತ ಸಾರ್ತಾರ. ಬಾಕ್ಸ್ ಚಾಲೂ ಇಟ್ಟು ರೀಚಾರ್ಜ್ ಮಾಡ್ರಿ.

ನವನಗರ ನೆಟ್ಟಿಗ
ಇದ ನೋಡ್ರಿ ಫರಕು. ನೆಟ್ಟಿನ್ಯಾಗ ನಾ ಕೇಳಿದ್ದು ನನಗ ಅಷ್ಟ ಬರ್ತೈತಿ, ಬೇಕಾದಾಗ ನಿಂದರಸ್ತೇನಿ, ಹಿಂದ ಹೋಗ್ತೇನಿ.

ಕೇಶ್ವಾಪುರ ಲೆಕ್ಕ
ಹೌದ್ರಿ ಸಾಹೇಬ್ರ, ಮತ್ತ ಹ್ವಾದ ಐಪಿಎಲ್ ಫೈನಲ್‌ಕ ನೀವು ನೆಟ್ಟಿನ್ಯಾಗ ನೋಡೂದರಾಗ ನಾವು ಡಿಶ್ಶಿನವ್ರು ಪಟಾಕ್ಷಿ ಹೊಡದು ಬಂದು ಕುಂತಿದ್ವಿ. ನೀವು ಇನ್ನೂ ಬೌಲರ್ ಓಡಿ ಬರೂದು ನೋಡ್ತಿದ್ರಿ.

ಸಪ್ತಾಪುರ ಮಾಸ್ತರ, ಧಾರವಾಡ
ಮೇಲೆ ಹೋಗಿ ಕೆಳಗೆ ಬರಲು 72,000 ಕಿಲೋಮೀಟರ್, ಬೆಳಕಿನ ವೇಗದಲ್ಲಿ ಕಾಲು ಸೆಕೆಂಡ್ ಅಷ್ಟೇ. ಉಳಿದ ತಡ ಚಿತ್ರವನ್ನು ಹಿಂಡಿ ಚಿಕ್ಕದು ಮಾಡುವುದರಲ್ಲಿ, ಬಿಚ್ಚುವುದರಲ್ಲಿ. ನೆಟ್ಟಿನಲ್ಲಿ ಅದರ ಮೇಲೆ ತುಂಡು ತುಂಡಾಗಿ ಕೂಡಿಟ್ಟು ಕಳಿಸುವ ತಡವೂ ಸೇರುತ್ತದೆ.

ಹಳೆಯ ಮಾತು ಬಂತೆಂದು ಇನ್ನೊಂದು ಹೇಳಿಬಿಡುತ್ತೇನೆ. ಕರ್ನಾಟಕದ ಹಳ್ಳಿಗೆ ಉಪಗ್ರಹ ಟೀವಿ ಬಂದದ್ದು ಕಾಕಾನ ಜಾಳಗಿ ಡಿಶ್‌ಗಿಂತ ಬಹಳ ಮೊದಲು. 1975ರ ಆಗಸ್ಟ್‌ನಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹ ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಇಸ್ರೋ ಪ್ರಸಾರ ಮುಟ್ಟಿಸಿತು. ನಮ್ಮಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳು. ಕೋಳಿಗೂಡಿನ ಜಾಲರಿಯ ಡಿಶ್, ಊರಿಗೆಲ್ಲ ಒಂದೇ ಟೀವಿ. ಹುಬ್ಬಳ್ಳಿ-ಧಾರವಾಡ ಆ ಪಟ್ಟಿಯಲ್ಲಿ ಇರಲಿಲ್ಲ. ಪೇಟೆಯವರಿಗೆ ಆಮೇಲೆ ಬಂತು ಅನ್ನುವುದು ನನಗೆ ಈಗಲೂ ಒಳ್ಳೆಯ ತಮಾಷೆ.

ಗದಗಿನಕಿ
ಮಾರ್ಚಿನ್ಯಾಗ ಮಳಿ ಇಲ್ಲ ಏನಿಲ್ಲ, ಉರಿ ಬಿಸಲಾಗ ನಮ್ಮ ಫ್ರೀ ಡಿಶ್ ಐದು ನಿಮಿಷ ಹೋಗತಿತ್ತಲ್ರಿ ಮಾಸ್ತರ, ದಿನಾ ಹನ್ನೊಂದರ ಸುಮಾರಕ್ಕ?

ಸಪ್ತಾಪುರ ಮಾಸ್ತರ, ಧಾರವಾಡ
ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬರುವ ದಿನಗಳವು. ಸೂರ್ಯನದೂ ರೇಡಿಯೋ ಗದ್ದಲವೇ, ಅದರ ಮುಂದೆ ಉಪಗ್ರಹದ ದನಿ ಕೇಳುವುದಿಲ್ಲ. ವರ್ಷಕ್ಕೆ ಎರಡು ಸಲ, ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಗೆ, ಕೆಲವೇ ದಿನ. ಮೆಕ್ಯಾನಿಕ್‌ನನ್ನು ಕರೆಯಬೇಡಿ.

ಕೇಶ್ವಾಪುರ ಲೆಕ್ಕ
ಹಾನಗಲ್ ತಮ್ಮಾ, ನಾನೂರು ಯಾಕ ಕೊಡಾಕತ್ತೀರಿ? 2019ರ ಫೆಬ್ರುವರಿಯಿಂದ ಟ್ರಾಯ್ (ಫೋನ್-ಟೀವಿ ಕಂಪನಿಗಳಿಗೆ ನಿಯಮ ಹಾಕೋ ಸರಕಾರಿ ಸಂಸ್ಥೆ) ನಿಯಮದಾಗ ಚಾನೆಲ್ ಬಿಡಿಬಿಡಿಯಾಗಿ ತಗೊಳ್ಳಾಕ ಬರ್ತೈತಿ. ಬಿಲ್ಲಿನ್ಯಾಗ ಎರಡು ಭಾಗ: ಒಂದು ಜಾಲದ ಬಾಡಿಗಿ, ಆವಾಗ ನೂರು ಚಾನೆಲ್ಲಿಗೆ 130 ರೂಪಾಯಿ ಮ್ಯಾಲೆ ತೆರಿಗಿ ಇತ್ತು, ಇನ್ನೊಂದು ನೀವು ಆರಿಸಿದ ಚಾನೆಲ್ಲಿನ ದರ. 2024ರಾಗ ಬಾಡಿಗಿ ಮಿತಿ ತಗದಾರ, ಅದಕ್ಕ ಕಂಪನಿ ಕಂಪನಿಗೆ ಫರಕ್ ಐತಿ. ಅಕ್ಕನ ಕಾಲದ ಪ್ಯಾಕಿನ್ಯಾಗ ಸಣ್ಣ ಹುಡುಗರ ಚಾನೆಲ್, ಇಂಗ್ಲಿಷ್ ಸಿನಿಮಾ ಎಲ್ಲಾ ಇರಬೇಕು ನೋಡ್ರಿ. ಅವನ್ನೆಲ್ಲಾ ಕಿತ್ತು ಅವ್ವನ ಎರಡು, ಒಂದು ಕನ್ನಡ ವಾರ್ತೆ ಇಡ್ರಿ. ಚಂದನ ಹೆಂಗೂ ಪುಕ್ಕಟೆ.

ಡಿಶ್ ಕಾಕಾ, ಹಳೇ ಹುಬ್ಬಳ್ಳಿ
ಐತವಾರ ಊರಿಗೆ ಹೋದ್ರ ಒಂದು ಪಾನಾ ಒಯ್ಯಿ. ಮೊದಲ ಎಲ್‌ಎನ್‌ಬಿ ಹತ್ರ ವೈರಿನ ಕನೆಕ್ಟರ್ ಬಿಚ್ಚಿ ನೋಡು, ಒಳಗಿನ ತಂತಿ ಹಸರಾಗಿದ್ರ ನೀರು ಹೊಕ್ಕೈತಿ ಅಂತ. ತುದಿ ಕತ್ತರಿಸಿ ಹೊಸಾ ಕನೆಕ್ಟರ್ ಹಾಕು. ಆಮ್ಯಾಲೆ ಡಿಶ್. ನೆಪ್ಪಿರಲಿ, ಎರಡು ಫೂಟಿನ ಡಿಶ್ಶಿನ ಅಂಚು ಅರ್ಧ ಸೆಂಟಿಮೀಟರ್ ಸರದ್ರ ನೋಟ ಒಂದು ಡಿಗ್ರಿ ಸರೀತೈತಿ. ಕೂದಲಷ್ಟು ತಿರುವು, ನಿಂದ್ರು, ಹತ್ತು ಎಣಿಸು. ಬಾಕ್ಸ್ ಲೆಕ್ಕ ಹಾಕಾಕ ತಡ ಮಾಡತೈತಿ, ಗಡಿಬಿಡಿ ಮಾಡಿದವರೆಲ್ಲಾ ಅಲ್ಲೇ ಕೆಟ್ಟಾರ.

ಹಾನಗಲ್ ಹುಡುಗ
ಎಲ್ಲಾರಿಗೂ ಶರಣು. ನಿನ್ನಿ ಊರಿಗೆ ಹೋಗಿ ಬಂದೆ. ಮಾಳಿಗಿ ಹತ್ತಿ ನೋಡ್ತೇನಿ, ಡಿಶ್ಶಿನ ಕಂಬದಿಂದ ಆ ಕಡೆ ಗ್ವಾಡಿ ಗೂಟಕ್ಕ ನೈಲಾನ್ ಹಗ್ಗಾ. ಹಗ್ಗದ ಮ್ಯಾಲೆ ಒದ್ದಿ ಕೌದಿ, ನೀರ್ ತೊಟ್ಟಿಕ್ಕಾಕತ್ತೈತಿ. 'ಕಂಬಕ್ಕ ಏನೂ ಕಟ್ಟಿಲ್ಲ ಅಂದ್ರೆಲ್ಲಾ' ಅಂತ ಅಪ್ಪಗ ಕೇಳಿದ್ರ, 'ದನಾ ಕಟ್ಟೀರೇನು ಅಂತ ಕೇಳಿದ್ದಂತ ತಿಳಕೊಂಡೆ, ಅರಿಬಿ ಹಗ್ಗಾ ಯಾರ್ ಕೇಳ್ಯಾರ' ಅಂದ್ರು. ಅಕ್ಕನ ಕೂಸಿನ ಅರಿಬಿ ಒಣಗಸಾಕ ಹ್ವಾದ ವರ್ಷ ಕಟ್ಟಿದ್ದಂತ. ಕೂಸು ಹೋತು, ಹಗ್ಗಾ ಉಳೀತು, ಕೌದಿ ಬಂದ್ವು. ಕಂಬ ಕಣ್ಣಿಗೆ ಕಾಣೂ ಹಂಗ ಆ ಕಡೆ ವಾಲೈತಿ.

ಹಗ್ಗಾ ಬಿಚ್ಚಿದೆ, ಕಂಬದ ಬೋಲ್ಟ್ ಸಡಿಲ್ ಮಾಡಿ ನೆಟ್ಟಗ ಮಾಡಿ ಬಿಗದೆ. ಕನೆಕ್ಟರಿನ ತಂತಿ ಕಾಕಾ ಹೇಳಿದಂಗ ಹಸರು, ಅದನ್ನೂ ಕತ್ತರಿಸಿ ಹೊಸಾದು ಹಾಕಿದೆ. ಆಮ್ಯಾಲೆ ನಾ ಮ್ಯಾಲೆ, ಅಪ್ಪ ಟೀವಿ ಮುಂದ, ಅವ್ವ ನಡು ಅಂಗಳದಾಗ. ಅಪ್ಪ 'ಐವತ್ತು' ಅಂದ್ರ ಅವ್ವ 'ಐವತ್ತಂತೋ' ಅಂತ ಕೂಗೂದು. ಐವತ್ತಾರು, ಅರವತ್ತಮೂರು, ಮತ್ತ ನಲವತ್ತು. ಮಗ್ಗಲ ಮನಿ ಮಂದಿ ಯಾವ ಹರಾಜು ನಡದೈತಿ ಅಂತ ನೋಡಾಕ ಬಂದ್ರು. ಎಪ್ಪತ್ತೊಂದಕ್ಕ ನಿಲ್ಲಿಸಿ ಬಿಗದೆ. ಖರ್ಚು ಕನೆಕ್ಟರಿಂದು ಅಷ್ಟ. ಪ್ಯಾಕೂ ಇಳಸೀನಿ, ಮುಂದಿನ ತಿಂಗಳಿಂದ 260 ಬರ್ತೈತಿ. ಸಂಜಿಗೆ ಮಳಿ ಬಂತು, ಜಿಟಿಜಿಟಿಗೆ ಏನೂ ಆಗಲಿಲ್ಲ. ರಾತ್ರಿ ಧೋ ಅಂತ ಸುರಿದಾಗ ಆರೇಳು ನಿಮಿಷ ಹೋಗಿ ಬಂತು.

ಡಿಶ್ ಕಾಕಾ, ಹಳೇ ಹುಬ್ಬಳ್ಳಿ
ಅಷ್ಟು ಹೋಗೂದ ತಮ್ಮಾ. ಅದೂ ಬ್ಯಾಡ ಅಂದ್ರ ಮೂರು ಫೂಟಿನ ಡಿಶ್ ಹಾಕ್ಸು, ಎರಡು ಫೂಟಿಗಿಂತ ಎರಡು ಪಟ್ಟಿನ ಮ್ಯಾಲೆ ಸಿಗ್ನಲ್ ಕೂಡಸತೈತಿ. ಆದ್ರ ಗಾಳಿನೂ ಅಷ್ಟ ಹಿಡೀತೈತಿ, ಕಂಬ ಗಟ್ಟಿ ಬೇಕು. ಆರೇಳು ನಿಮಿಷದ ಸಲುವಾಗಿ ನಾನಾದ್ರ ಮಾಡಂಗಿಲ್ಲ.

ಹಾನಗಲ್ ಹುಡುಗ
ಬ್ಯಾಡ ಬಿಡ್ರಿ ಕಾಕಾ. ಈಗ ಅವ್ವಂದು ಬ್ಯಾರೆ ತಕರಾರು: ಮೊದಲಿನಂಗ ಸಣ್ಣ ಮಳಿಗೆ ಟೀವಿ ಹೋಗವಲ್ದು, ಮಾಳಿಗಿ ಮ್ಯಾಲಿನ ಹಪ್ಪಳ ತೋದು ಹೋದ್ವಂತ. ಮತ್ತ ಕೌದಿ ಹಗ್ಗಾ ಎಲ್ಲಿ ಕಟ್ಟಲಿ ಅಂತ ನಿಮ್ಮನ್ನ ಕೇಳು ಅಂದಾಳ.